ಸಾಕುವುದೆಂದರೆ ಎಷ್ಟು ಸಾಕು?

ನಿಮ್ಮ ಧರ್ಮಕೇಂದ್ರದ ಕುಟುಂಬಗಳನ್ನು ಒಮ್ಮೆ ಮನಸ್ಸಿನಲ್ಲೇ ಎಣಿಸಿ ನೋಡಿ. ಓದು ಮುಗಿಸಿ ಬೆಂಗಳೂರಿಗೋ ಪುಣೆಗೋ ದುಬೈಗೋ ಕೆಲಸಕ್ಕೆ ಹೋದ ಮಗನಾಗಲಿ ಮಗಳಾಗಲಿ ಇಲ್ಲದ ಮನೆ ಇಂದು ಅಪರೂಪ. ಅವರಲ್ಲಿ ಅನೇಕರು ಚಿಕ್ಕ ಬಾಡಿಗೆ ಮನೆಯಲ್ಲಿ ಒಬ್ಬರೇ ಬದುಕುತ್ತಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಹೊರಟವರು ಮರಳುವುದು ರಾತ್ರಿ ಒಂಬತ್ತಕ್ಕೆ. ಬೀಗ ತೆಗೆದು ಒಳಗೆ ಕಾಲಿಟ್ಟಾಗ ‘ಬಂದೆಯಾ?’ ಎಂದು ಕೇಳುವವರಿಲ್ಲ. ಉಂಡರೂ ಉಪವಾಸವಿದ್ದರೂ ವಿಚಾರಿಸುವವರಿಲ್ಲ. ಇಂತಹ ಒಂದು ರಾತ್ರಿ ಅವರ ಮನಸ್ಸಿನಲ್ಲಿ ‘ಒಂದು ನಾಯಿಮರಿಯನ್ನು ತಂದುಕೊಂಡರೆ ಹೇಗೆ?’ ಎಂಬ ಆಸೆ ಮೂಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಆಸೆಯನ್ನು ನಾವು ಹಗುರವಾಗಿ ಕಾಣಬಾರದು. ಮನುಷ್ಯನಿಗೂ ಪ್ರಾಣಿಗೂ ಇರುವ ನಂಟು ಬಹು ಹಳೆಯದು. ಪ್ರವಾದಿ ನಾತಾನನು ಅರಸ ದಾವೀದನಿಗೆ ಹೇಳಿದ ಸಾಮತಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬರುವ ಬಡವನಿಗೆ ಇದ್ದುದು ಒಂದೇ ಒಂದು ಹೆಣ್ಣು ಕುರಿಮರಿ. ಅದನ್ನು ಅವನು ಮಗಳಂತೆ ಸಾಕಿದ್ದ. ಅರಸನ ಮನಸ್ಸಾಕ್ಷಿಯನ್ನು ಎಬ್ಬಿಸಲು ಪ್ರವಾದಿ ಆರಿಸಿಕೊಂಡದ್ದು ಈ ಮಮತೆಯನ್ನೇ. ಆದರೆ ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿವರವಿದೆ. ಆ ಕುರಿಮರಿ ಬೆಳೆದದ್ದು ಬಡವನ ಮಕ್ಕಳ ಜೊತೆಯಲ್ಲಿ. ಅವನು ಉಣ್ಣುವಾಗ ಅದು ಅವನ ಬಳಿಯಿರುತ್ತಿತ್ತು, ಮಲಗುವಾಗ ಅವನ ಎದೆಗೊರಗುತ್ತಿತ್ತು. ಬಡವನ ಬಳಿ ಹಣವಿರಲಿಲ್ಲ, ಜೊತೆಯಿರಲು ಸಮಯವಿತ್ತು. ಇಂದಿನ ನಗರವಾಸಿಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಪ್ರಾಣಿಗೆ ಬೆಲೆಬಾಳುವ ಆಹಾರ, ಮೆತ್ತನೆಯ ಹಾಸಿಗೆ ಎಲ್ಲವನ್ನೂ ಆತ ಕೊಳ್ಳಬಲ್ಲ. ಕೊಡಲಾಗದಿರುವುದು ತನ್ನನ್ನು ಮಾತ್ರ.

ಇಲ್ಲಿ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ನನ್ನ ಒಂಟಿತನವನ್ನು ನೀಗಿಸಿಕೊಳ್ಳಲು ಇನ್ನೊಂದು ಜೀವವನ್ನು ಹಗಲೆಲ್ಲ ಒಂಟಿಯಾಗಿ ಕೂಡಿಹಾಕುವ ಹಕ್ಕು ನನಗಿದೆಯೇ? ರಾತ್ರಿ ಬಾಗಿಲಲ್ಲಿ ಕುಣಿದು ಸ್ವಾಗತಿಸುವ ನಾಯಿಯನ್ನು ಕಂಡು ನಮ್ಮ ದಣಿವು ಆರುತ್ತದೆ. ಆ ಕುಣಿತದ ಹಿಂದೆ ಹದಿಮೂರು ಗಂಟೆಗಳ ಕಾಯುವಿಕೆ ಇದೆಯೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಹಾಗಾದರೆ ನಮ್ಮ ಒಂಟಿತನ ನಿಜವಾಗಿ ಕಳೆಯಿತೋ, ಅಥವಾ ಅದರ ಭಾರವನ್ನು ಮಾತು ಬಾರದ ಒಂದು ಜೀವದ ಹೆಗಲಿಗೆ ದಾಟಿಸಿದೆವೋ?

ಈ ಪ್ರಶ್ನೆಗೆ ಭಾವನೆಯಿಂದ ಉತ್ತರಿಸುವ ಮೊದಲು ಒಂದು ಸರಳ ಲೆಕ್ಕವನ್ನು ಮಾಡೋಣ. ದಿನದ 24 ಗಂಟೆಗಳಲ್ಲಿ ಕೆಲಸ ಮತ್ತು ಪ್ರಯಾಣಕ್ಕೆ 13 ಗಂಟೆ ಹೋದರೆ ಉಳಿಯುವುದು 11. ನಿದ್ರೆಗೆ 7 ಗಂಟೆ ತೆಗೆದಿಟ್ಟರೆ ಉಳಿದದ್ದು 4. ಸ್ನಾನ, ಅಡುಗೆ, ಊಟ, ಬಟ್ಟೆ, ಮನೆಗೆ ಒಂದು ಫೋನು ಎಲ್ಲವೂ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೂವರೆ ಗಂಟೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಹಿರಿಯರ ಮಾತು ಹಣಕ್ಕೆ ಮಾತ್ರವಲ್ಲ, ಸಮಯಕ್ಕೂ ಸಲ್ಲುತ್ತದೆ. ಈ ಒಂದೂವರೆ ಗಂಟೆಯ ಹಾಸಿಗೆಯ ಮೇಲೆ ಯಾವ ಜೀವ ನೆಮ್ಮದಿಯಿಂದ ಮಲಗಬಲ್ಲದು ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ನಾಯಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಅದು ತೋಳದ ಸಂತತಿ. ಹಿಂಡಿನಲ್ಲಿ ಬಾಳುವ ಪ್ರಾಣಿ. ಕನಿಷ್ಠ ಹದಿನೈದು ಸಾವಿರ ವರ್ಷಗಳಿಂದ ಅದು ಮನುಷ್ಯರನ್ನೇ ತನ್ನ ಹಿಂಡೆಂದು ನಂಬಿ ಬದುಕಿದೆ. ಆದ್ದರಿಂದ ಒಂಟಿಯಾಗಿರುವುದು ಅದರ ಸ್ವಭಾವಕ್ಕೆ ಒಗ್ಗದು. ಬ್ರಿಟನ್ನಿನ ಹಲವು ಪ್ರಾಣಿ ಕಲ್ಯಾಣ ಸಂಸ್ಥೆಗಳು ಬೆಳೆದ ನಾಯಿಯನ್ನೂ ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಒಂಟಿಯಾಗಿ ಬಿಡಬಾರದೆಂದು ಸಲಹೆ ನೀಡುತ್ತವೆ. ಸ್ವೀಡನ್ ದೇಶದಲ್ಲಿ ಹಗಲಿನ ವೇಳೆ ಕನಿಷ್ಠ ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕೆಂಬ ನಿಯಮವೇ ಇದೆ. ಮರಿಯಾದರಂತೂ ಕಷ್ಟ ಇನ್ನೂ ಹೆಚ್ಚು. ಮೂರು ತಿಂಗಳ ಮರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಮೂತ್ರವನ್ನು ತಡೆಹಿಡಿಯಲಾರದು. ಒಂಟಿತನದಿಂದ ಕಳವಳಗೊಂಡ ನಾಯಿ ಊಳಿಡುತ್ತದೆ, ಬಾಗಿಲನ್ನು ಪರಚುತ್ತದೆ, ಚಪ್ಪಲಿ ಹಾಸಿಗೆಗಳನ್ನು ಹರಿಯುತ್ತದೆ. ಮನೆಗೆ ಬಂದ ಯಜಮಾನ ‘ಹಟಮಾರಿ ನಾಯಿ’ ಎಂದು ಗದರಿಸುತ್ತಾನೆ. ಅದು ಹಟವಲ್ಲ, ಸಂಕಟ.

‘ಬೀದಿಯಲ್ಲಿ ಹಸಿದು ಅಲೆಯುವುದಕ್ಕಿಂತ ಒಂದು ಮನೆಯೊಳಗಿರುವುದು ಮೇಲಲ್ಲವೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಗಾಯಗೊಂಡ ಅಥವಾ ಮುದಿಯಾದ ನಾಯಿಗೆ ಶಾಂತವಾದ ಒಂದು ಮೂಲೆ ನಿಜಕ್ಕೂ ವರವಾಗಬಹುದು. ಆದರೆ ಅಂಗಡಿಯಿಂದ ಸಾವಿರಾರು ರೂಪಾಯಿ ತೆತ್ತು ತರುವ ಜಾತಿನಾಯಿಯ ಮರಿಯನ್ನು ನಾವು ಯಾವ ಬೀದಿಯಿಂದಲೂ ಪಾರುಮಾಡುತ್ತಿಲ್ಲ. ಅಷ್ಟೇ ಅಲ್ಲದೆ, ಹಸಿವೊಂದೇ ಪ್ರಾಣಿಯ ದುಃಖವಲ್ಲ. 1965ರಲ್ಲಿ ಬ್ರಿಟನ್ನಿನ ಬ್ರ್ಯಾಂಬೆಲ್ ಸಮಿತಿ ಸಾಕಣೆ ಪ್ರಾಣಿಗಳ ಬಗ್ಗೆ ವರದಿ ನೀಡಿತು. ಮುಂದೆ ‘ಪಂಚ ಸ್ವಾತಂತ್ರ್ಯಗಳು’ ಎಂದು ಹೆಸರಾದ ತತ್ತ್ವ ಹುಟ್ಟಿದ್ದು ಅದರಿಂದಲೇ. ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ರೋಗಗಳಿಂದ, ಭಯ ಕಳವಳಗಳಿಂದ ಮುಕ್ತಿ ಮತ್ತು ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳುವ ಅವಕಾಶ: ಇವೇ ಆ ಐದು. ಹಸಿವನ್ನು ನೀಗಿಸಿ ಉಳಿದವನ್ನು ಮರೆತರೆ ನಾವು ಐದರಲ್ಲಿ ಒಂದನ್ನಷ್ಟೇ ಕೊಟ್ಟಂತಾಯಿತು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೂ ಇದನ್ನು ಬಲ್ಲದು. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನು ಅದು ಅಪರಾಧವೆಂದೇ ಪರಿಗಣಿಸಿದೆ.

ಹಾಗಾದರೆ ದೀರ್ಘಕಾಲ ದುಡಿಯುವವರು, ಒಬ್ಬರೇ ಬಾಳುವವರು ಯಾವ ಪ್ರಾಣಿಯನ್ನೂ ಸಾಕಲೇಬಾರದೇ? ಹಾಗೆಂದು ಹೇಳುವುದು ನಿಷ್ಠುರವಾದೀತು. ಆಯ್ಕೆ ನಮ್ಮ ಇಷ್ಟದಿಂದ ಮಾತ್ರವಲ್ಲ, ಆ ಪ್ರಾಣಿಯ ಸ್ವಭಾವದಿಂದಲೂ ಆರಂಭವಾಗಬೇಕು ಎಂಬುದಷ್ಟೇ ಇಲ್ಲಿನ ಮಾತು. ಬೆಕ್ಕಿನ ಪೂರ್ವಜರು ಒಂಟಿಯಾಗಿ ಬೇಟೆಯಾಡುತ್ತಿದ್ದ ಕಾಡುಬೆಕ್ಕುಗಳು. ಬೆಕ್ಕು ದಿನದ ಹೆಚ್ಚು ಭಾಗ ನಿದ್ರಿಸುತ್ತದೆ. ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಚುರುಕಾಗುತ್ತದೆ. ಹಗಲಿಡೀ ಹೊರಗಿರುವವರ ದಿನಚರಿಗೆ ಅದು ನಾಯಿಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹಾಗೆಂದು ಬೆಕ್ಕಿಗೆ ಯಾರೂ ಬೇಡವೆಂದು ತಿಳಿಯಬಾರದು. ಮರಿಗಳಾದರೆ ಒಂದಕ್ಕಿಂತ ಒಡಹುಟ್ಟಿದ ಎರಡನ್ನು ಒಟ್ಟಿಗೆ ತರುವುದು ಲೇಸು; ಪ್ರಾಣಿಗಳ ಆಶ್ರಯಧಾಮದಿಂದ ಬೆಳೆದ ಬೆಕ್ಕನ್ನು ತರುವುದು ಇನ್ನೂ ಸುಲಭ. ಮಹಡಿ ಮನೆಯಾದರೆ ಕಿಟಕಿ ಬಾಲ್ಕನಿಗಳಿಗೆ ಬಲೆ ಹಾಕಿಸಬೇಕು. ಇನ್ನು ಮೀನು. ಗಂಡು ಬೆಟ್ಟಾ ಮೀನು ತನ್ನಂತಹ ಇನ್ನೊಂದು ಗಂಡನ್ನು ಸಹಿಸದು. ಏಕಾಂತವೇ ಅದಕ್ಕೆ ಹಿತ. ಆದರೆ ಅದನ್ನೂ ಗಾಜಿನ ಲೋಟದಂತಹ ಚಿಕ್ಕ ಪಾತ್ರೆಯಲ್ಲಿಡುವುದು ಕ್ರೌರ್ಯ. ಅದಕ್ಕೂ ಸಾಕಷ್ಟು ನೀರು, ಹಿತವಾದ ಬಿಸುಪು, ಆಗಾಗ ನೀರಿನ ಬದಲಾವಣೆ ಬೇಕು.

ಗಿಣಿಯ ಆಸೆಯನ್ನು ಮಾತ್ರ ಬಿಟ್ಟುಬಿಡಿ. ನಮ್ಮ ನಾಡಿನ ಗಿಣಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕಾನೂನು ಅನುಮತಿಸುವ ವಿದೇಶೀ ಗಿಳಿಗಳೂ ಗುಂಪಿನಲ್ಲಿ ಬಾಳುವ ಹಕ್ಕಿಗಳೇ. ಸ್ವಿಟ್ಜರ್ಲೆಂಡ್ 2008ರಲ್ಲಿ ಜಾರಿಗೆ ತಂದ ನಿಯಮಾವಳಿಯು ಗಿಳಿ, ಗಿನಿಹಂದಿಗಳಂತಹ ಸಂಘಜೀವಿಗಳನ್ನು ಒಂಟಿಯಾಗಿ ಸಾಕುವುದನ್ನೇ ನಿಷೇಧಿಸಿದೆ. ಒಂದು ಪುಟ್ಟ ಹಕ್ಕಿಗೂ ಜೊತೆ ಬೇಕೆಂಬುದನ್ನು ಒಂದು ದೇಶ ಕಾನೂನಿನಲ್ಲಿ ಬರೆದಿಟ್ಟಿದೆಯೆಂಬುದು ನಮ್ಮ ಚಿಂತನೆಗೆ ಯೋಗ್ಯವಾದ ವಿಷಯ.

ಇಷ್ಟಾದರೂ ನಾಯಿಯೇ ಬೇಕೆನ್ನುವವರಿಗೆ ನಮ್ಮ ಹಳ್ಳಿಯ ಬದುಕಿನಲ್ಲಿ ಒಂದು ಪಾಠವಿದೆ. ಅಲ್ಲಿ ನಾಯಿ ಯಾರೊಬ್ಬರದೂ ಆಗಿರಲಿಲ್ಲ. ಅದು ಮನೆಯ ನಾಯಿ. ಅಜ್ಜಿ ಮುದ್ದೆ ಹಾಕುತ್ತಿದ್ದಳು, ಮಕ್ಕಳು ಆಡುತ್ತಿದ್ದರು, ಅಪ್ಪನ ಹಿಂದೆ ಅದು ತೋಟಕ್ಕೆ ಹೋಗುತ್ತಿತ್ತು. ಜಗಲಿಯಲ್ಲಿ ಸದಾ ಯಾರಾದರೊಬ್ಬರು ಇರುತ್ತಿದ್ದರು. ನಗರದ ಒಂಟಿ ಮನೆಯವರು ಈ ಜಗಲಿಯನ್ನು ಬೇರೆ ರೀತಿಯಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ. ಅದೇ ಕಟ್ಟಡದಲ್ಲಿ ಮಕ್ಕಳು ದೂರವಿರುವ ಹಿರಿಯ ದಂಪತಿಗಳಿರಬಹುದು. ಹಗಲು ಅವರ ಬಳಿ, ರಾತ್ರಿ ನಿಮ್ಮ ಬಳಿ ಎಂದು ಆರೈಕೆಯನ್ನು ಹಂಚಿಕೊಳ್ಳಲು ಸಾಧ್ಯವೇ ವಿಚಾರಿಸಿ. ಮಧ್ಯಾಹ್ನ ಬಂದು ನಾಯಿಯನ್ನು ಅಡ್ಡಾಡಿಸುವವರಿಗೆ ಸಂಬಳ ಕೊಡುವ ಶಕ್ತಿ ಇದೆಯೇ ನೋಡಿಕೊಳ್ಳಿ. ಮರಿಗೆ ಬದಲು ಬೆಳೆದ, ಶಾಂತ ಸ್ವಭಾವದ ನಾಡತಳಿಯ ನಾಯಿಯನ್ನು ಆರಿಸಿ. ಇವಾವುದೂ ಆಗದಿದ್ದರೆ ಕಾಯಿರಿ.

ಇನ್ನೊಂದು ವಿಷಯವನ್ನೂ ಯೋಚಿಸಬೇಕು. ನಾಯಿ ಹತ್ತರಿಂದ ಹದಿಮೂರು ವರ್ಷ, ಬೆಕ್ಕು ಹದಿನೈದಕ್ಕೂ ಹೆಚ್ಚು ವರ್ಷ ಬದುಕಬಹುದು. ಇಪ್ಪತ್ತೈದರ ಹರೆಯದವರ ಬದುಕಿನಲ್ಲಿ ಈ ಅವಧಿಯೊಳಗೆ ಮದುವೆ, ವರ್ಗಾವಣೆ, ವಿದೇಶ ಪ್ರಯಾಣ ಎಲ್ಲವೂ ಬಂದು ಹೋಗುತ್ತವೆ. ಅಂದು ಆ ಪ್ರಾಣಿಯ ಗತಿಯೇನು? ಊರಿನಲ್ಲಿರುವ ತಂದೆತಾಯಿಗಳ ಮನೆಗೆ ಕಳುಹಿಸಿದರಾಯಿತು ಎಂದುಕೊಳ್ಳುವವರು ಆ ಮಾತನ್ನು ತಂದೆತಾಯಿಗಳಲ್ಲಿ ಮೊದಲೇ ಕೇಳಬೇಕು. ರಾತ್ರೋರಾತ್ರಿ ರಸ್ತೆ ಬದಿಯಲ್ಲಿ ಬಿಟ್ಟುಬರುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಧರ್ಮದ ದೃಷ್ಟಿಯಲ್ಲಿ ವಿಶ್ವಾಸದ್ರೋಹ.

ಪ್ರಾಣಿಗಳನ್ನು ಪ್ರೀತಿಸಬಹುದು, ಅವುಗಳಿಗೆ ವೃಥಾ ನೋವು ಕೊಡಬಾರದು, ಆದರೆ ಮನುಷ್ಯರಿಗೆ ಸಲ್ಲಬೇಕಾದ ಪ್ರೀತಿಯ ಸ್ಥಾನವನ್ನು ಅವುಗಳಿಗೆ ಕೊಡಬಾರದು ಎಂಬುದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶದ ನಿಲುವು. ಈ ಮಾತನ್ನು ನಾವು ಒಂಟಿಯಾಗಿರುವ ಯುವಕರತ್ತ ಬೆರಳು ತೋರಿಸಲು ಬಳಸಬಾರದು. ಅದು ಮೊದಲು ನಮ್ಮ ಕಡೆಗೇ ತಿರುಗುತ್ತದೆ. ಪಕ್ಕದ ಮನೆಯ ಬಾಡಿಗೆದಾರ ಹುಡುಗಿಯನ್ನು ಹಬ್ಬದ ಊಟಕ್ಕೆ ನಾವು ಕರೆದಿದ್ದೇವೆಯೇ? ಭಾನುವಾರದ ಪೂಜೆ ಮುಗಿದ ಮೇಲೆ ಒಬ್ಬನೇ ಹೊರಟುಹೋಗುವ ಹುಡುಗನ ಹೆಸರು ನಮಗೆ ಗೊತ್ತಿದೆಯೇ? ಮನುಷ್ಯರು ಕೊಡಬೇಕಾದ ಜೊತೆಯನ್ನು ನಾವು ಕೊಡದೆ, ಅದನ್ನು ಒಂದು ನಾಯಿಮರಿಯಿಂದ ಬಯಸಿದವರನ್ನು ದೂಷಿಸುವುದು ನ್ಯಾಯವಲ್ಲ.

ದುಡಿಮೆಯ ಬಗೆಗೂ ಒಂದು ಮಾತು. ವಿಮೋಚನಾಕಾಂಡದಲ್ಲಿ ವಿಶ್ರಾಂತಿ ದಿನದ ಆಜ್ಞೆ ಮನುಷ್ಯರಿಗಷ್ಟೇ ನಿಲ್ಲುವುದಿಲ್ಲ. ಎತ್ತಿಗೂ ಕತ್ತೆಗೂ ಆಳಿಗೂ ಅದೇ ದಿನ ವಿಶ್ರಾಂತಿ. ಯಜಮಾನನ ಬಿಡುವು ಮತ್ತು ಅವನ ಪ್ರಾಣಿಯ ಬಿಡುವು ಅಲ್ಲಿ ಒಂದೇ ಎಳೆಯಲ್ಲಿ ಕಟ್ಟಲ್ಪಟ್ಟಿವೆ. ಒಂದು ನಾಯಿಯನ್ನು ಸಾಕಲು ಸಮಯ ಬಿಡದ ದುಡಿಮೆ ಒಬ್ಬ ಗೆಳೆಯನನ್ನು ಉಳಿಸಿಕೊಳ್ಳಲು, ತಾಯಿಯೊಡನೆ ನಿಧಾನವಾಗಿ ಮಾತನಾಡಲು, ಪ್ರಾರ್ಥನೆಗೆ ಕೂರಲು ಸಮಯ ಬಿಟ್ಟೀತೇ? ಎಷ್ಟೋ ಸಲ ಪ್ರಾಣಿಯನ್ನು ತರುವುದಕ್ಕಿಂತ ಮೊದಲು ನಾವು ಬದಲಾಯಿಸಬೇಕಾದುದು ನಮ್ಮ ದಿನಚರಿಯನ್ನು.

ನಮ್ಮ ನುಡಿಯಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಪೋಷಿಸು ಎಂಬುದು ಒಂದು, ಇಷ್ಟಾದರೆ ತೃಪ್ತಿ ಎಂಬುದು ಇನ್ನೊಂದು. ಸಾಕುವವರು ‘ನನಗೆ ಇದು ಸಾಕೇ?’ ಎಂದು ಮಾತ್ರವಲ್ಲ, ‘ನಾನು ಕೊಡುವುದು ಇದಕ್ಕೆ ಸಾಕೇ?’ ಎಂದೂ ಕೇಳಿಕೊಳ್ಳಲಿ. ಹೌದೆಂಬ ಉತ್ತರ ಬಂದರೆ ಆ ಜೀವವನ್ನು ಸಂತೋಷದಿಂದ ಬರಮಾಡಿಕೊಳ್ಳಿ. ಇಲ್ಲವೆಂದಾದರೆ, ಸದ್ಯಕ್ಕೆ ಬೇಡವೆಂದು ನಿಲ್ಲುವುದೂ ಪ್ರಾಣಿಪ್ರೀತಿಯೇ. ಬಿಡುವಿರುವ ಭಾನುವಾರ ಹತ್ತಿರದ ಪ್ರಾಣಿ ಆಶ್ರಯಧಾಮಕ್ಕೆ ಹೋಗಿ ಅಲ್ಲಿನ ನಾಯಿಗಳೊಡನೆ ಒಂದಷ್ಟು ಹೊತ್ತು ಕಳೆಯಿರಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ಒಂದು ಬಟ್ಟಲು ನೀರಿಡಿ. ಓದುಗರಲ್ಲಿ ತಂದೆತಾಯಿಗಳಾದವರು ಇಂದು ಸಂಜೆ ದೂರದಲ್ಲಿರುವ ಮಗನಿಗೋ ಮಗಳಿಗೋ ಫೋನು ಮಾಡಿ, ಅವರು ಮನೆ ತಲುಪಿದರೇ ಎಂದು ವಿಚಾರಿಸಿ.