ಸಂಧಿಯ ಹೊಣೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಹೇಳಿಕೊಟ್ಟು ಜೀವಿಸಿದ ನನ್ನಂಥವನು ಎಂಜಿನ್ನು, ಸರಪಳಿ, ಅಚ್ಚು ಎಂಬಿವುಗಳ ವಿಷಯವಾಗಿ ಬರೆಯಹೊರಡುವುದು ವಾಚಕ ಮಹಾಶಯರಿಗೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಧರ್ಮಸಂದೇಹವು ಹುಟ್ಟುವುದಕ್ಕೆ ಇಂಥದೇ ಸ್ಥಳವೆಂಬ ನಿಯಮವಿಲ್ಲ. ಜನಕನ ಸಭೆಯಲ್ಲಿ ಹುಟ್ಟಿದಂತೆ ಅದು ಬಡ ಮಾಸ್ತರನ ಹಿತ್ತಲಿನಲ್ಲಿಯೂ ಹುಟ್ಟಬಹುದು. ಕಳೆದ ಬೇಸಗೆಯಲ್ಲಿ ಅಂಥದೊಂದು ಸಂದೇಹವು ನಮ್ಮ ಹಿತ್ತಲಿನ ಹುಣಿಸೆಯ ಮರದ ಕೆಳಗೆ ಹುಟ್ಟಿತು. ಅದನ್ನು ಇಲ್ಲಿ ನಿವೇದಿಸುತ್ತೇನೆ.

ಗೋ-ಕಾರ್ಟ್ ಎಂಬ ಸಣ್ಣ ಬಂಡಿಯನ್ನು ಕಾಣದವರಿಗಾಗಿ ಎರಡು ಮಾತು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ನೆಲಕ್ಕೆ ತೀರ ಸಮೀಪವಾದ ಒಂದು ಆಸನ, ನಾಲ್ಕು ಚಿಕ್ಕ ಗಾಲಿಗಳು, ಆಸನದ ಹಿಂದೆಯೋ ಪಕ್ಕದಲ್ಲಿಯೋ ಒಂದು ಎಂಜಿನ್ನು, ಇಷ್ಟೇ ಅದರ ಸ್ವರೂಪ. ೧೯೫೬ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಪಂದ್ಯದ ಕಾರುಗಳನ್ನು ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಟ್ ಇಂಗಲ್ಸ್ ಎಂಬವನು ತನ್ನ ಮಿತ್ರ ಲೂ ಬೊರೆಲ್ಲಿಯ ನೆರವಿನಿಂದ ಮೊದಲನೆಯದನ್ನು ಕಟ್ಟಿದನು. ಅದಕ್ಕೆ ಅವರು ಕೂಡಿಸಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿದ್ದ, ಎರಡೂವರೆ ಕುದುರೆಬಲದ ಎಂಜಿನ್ನು. ಅಂದರೆ, ಒಂದು ಕೆಲಸಕ್ಕೆಂದು ಹುಟ್ಟಿದ ಬಲವನ್ನು ಇನ್ನೊಂದು ದೇಹಕ್ಕೆ ಜೋಡಿಸುವುದೇ ಈ ಬಂಡಿಯ ಜನ್ಮವೃತ್ತಾಂತ.

ನನ್ನ ಮಗಳ ಮಗನು ಎಂಜಿನಿಯರಿಂಗ್ ಓದುತ್ತಿರುವನು. ಈಗ ನಮ್ಮ ದೇಶದ ಕಾಲೇಜುಗಳ ಹುಡುಗರು ಗುಂಪಾಗಿ ಇಂಥ ಬಂಡಿಗಳನ್ನು ಕಟ್ಟಿ ಸ್ಪರ್ಧೆಗೆ ಒಯ್ಯುವುದುಂಟು. ಸ್ಪರ್ಧೆ ಮುಗಿದ ಮೇಲೆ ಎಂಜಿನ್ನನ್ನು ಬಿಚ್ಚಿಕೊಂಡು ಚೌಕಟ್ಟನ್ನು ಮಾರಿಬಿಡುವುದೂ ಉಂಟು. ಅಂಥ ಒಂದು ಚೌಕಟ್ಟನ್ನು ಅವನು ತನ್ನ ಉಳಿತಾಯದ ಹಣದಿಂದ ಕೊಂಡು ಹುಬ್ಬಳ್ಳಿಯಿಂದ ಟೆಂಪೋದಲ್ಲಿ ತಂದನು. ಅದರ ಕೆಂಪು ಬಣ್ಣವು ಥಳಥಳಿಸುತ್ತಿತ್ತು. ನೀರೆತ್ತುವ ಪಂಪಿಗೆ ಹಾಕುವಂಥ, ೨೦೦ ಸಿ.ಸಿ.ಗೆ ತುಸು ಕಡಿಮೆಯಾದ, ಆರೂವರೆ ಕುದುರೆಬಲದ ಎಂಜಿನ್ನು ಬೇರೊಂದು ಕಡೆಯಿಂದ ಬಂದಿತು. ಸರಪಳಿಯೂ ಹಲ್ಲುಗಾಲಿಗಳೂ ಮೂರನೆಯ ಕಡೆಯಿಂದ ಬಂದುವು. ಪಕ್ಕದ ಓಣಿಯ ಗೃಹಸ್ಥರೊಬ್ಬರು, ಬಂಡಿ ಸಿದ್ಧವಾದೊಡನೆ ತಮ್ಮ ಹದಿನಾಲ್ಕು ವರ್ಷದ ಮಗನಿಗಾಗಿ ಅದನ್ನು ಕೊಳ್ಳುವುದಾಗಿ ಮಾತು ಕೊಟ್ಟರು. ಆ ಹಣದಿಂದ ತನ್ನ ಮುಂದಿನ ವರ್ಷದ ಪುಸ್ತಕಗಳ ವೆಚ್ಚವು ಕಳೆಯುವುದೆಂದು ಹುಡುಗನ ಲೆಕ್ಕ.

ಜೋಡಣೆಯ ಕ್ರಮವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನು. ಎಂಜಿನ್ನಿನ ದಂಡದ ಮೇಲೆ ಕ್ಲಚ್ಚು ಎಂಬ ಬಟ್ಟಲಿನಂಥ ಭಾಗವಿರುವುದು. ಎಂಜಿನ್ನು ಮೆಲ್ಲಗೆ ತಿರುಗುವಾಗ ಅದರೊಳಗಿನ ತುಂಡುಗಳು ಒಳಗೇ ಅಡಗಿರುವುವು. ವೇಗ ಹೆಚ್ಚಿದೊಡನೆ ಹೊರಕ್ಕೆ ಸರಿದು ಬಟ್ಟಲನ್ನು ಅಪ್ಪಿ ಹಿಡಿಯುವುವು. ಆಗ ಬಂಡಿ ಚಲಿಸುವುದು. ಅಲ್ಲಿಯ ಹಲ್ಲುಗಾಲಿಗೆ ೧೨ ಹಲ್ಲು, ಹಿಂದಿನ ಅಚ್ಚಿನ ಮೇಲಿನದಕ್ಕೆ ೬೦. ಎಂಜಿನ್ನು ಐದು ಸುತ್ತು ತಿರುಗಿದರೆ ಅಚ್ಚು ಒಂದು ಸುತ್ತು. ಎಂಜಿನ್ನು ನಿಮಿಷಕ್ಕೆ ೩೬೦೦ ಸುತ್ತು ತಿರುಗಿದಾಗ ಅಚ್ಚಿಗೆ ೭೨೦ ಸುತ್ತು; ೧೧ ಅಂಗುಲ ವ್ಯಾಸದ ಗಾಲಿಗೆ ಅದು ಗಂಟೆಗೆ ಸುಮಾರು ೩೮ ಕಿಲೋಮೀಟರಾಗುವುದು. ಎರಡು ಹಲ್ಲುಗಾಲಿಗಳೂ ಒಂದೇ ನೇರದಲ್ಲಿರಬೇಕು; ಓರೆಯಾದರೆ ಸರಪಳಿ ಸವೆಯುವುದು, ಕೊನೆಗೆ ಕಳಚುವುದು. ಅದನ್ನು ಅತಿಯಾಗಿ ಬಿಗಿಯಲೂ ಕೂಡದು. ನಡುವೆ ಅರ್ಧ ಅಂಗುಲದಷ್ಟು ಸಡಿಲವಿರಬೇಕು. ಇದನ್ನೆಲ್ಲ ಕಾಣುತ್ತ ನನಗೆ ವ್ಯಾಕರಣದ ಸಂಧಿಪ್ರಕರಣವು ನೆನಪಾಯಿತು. ಎರಡು ವರ್ಣಗಳು ತೀರ ಹತ್ತಿರ ಬಂದಾಗ ಸಾಮಾನ್ಯವಾಗಿ ಒಂದಾದರೂ ಹಿಂದಿನ ರೂಪದಲ್ಲಿ ಉಳಿಯದು. ಜೋಡಿಸುವುದೆಂದರೆ ಮಾರ್ಪಡಿಸುವುದೇ ಸರಿ.

ಈ ಬಂಡಿಗೆ ಸ್ಪ್ರಿಂಗುಗಳಿಲ್ಲ. ಹಿಂದಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿಯಲ್ಪಟ್ಟಿರುವುವು. ತಿರುವಿನಲ್ಲಿ ಹೊರಗಿನ ಗಾಲಿಯು ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಒಂದೇ ಅಚ್ಚಿನಲ್ಲಿ ಇದು ಹೇಗೆ ಸಾಧ್ಯ? ಚೌಕಟ್ಟೇ ತುಸು ತಿರುಚಿಕೊಂಡು ಒಳಗಿನ ಹಿಂಗಾಲಿಯನ್ನು ಕ್ಷಣಕಾಲ ನೆಲದಿಂದ ಎತ್ತಿಕೊಡುವುದು. ಹೀಗೆ ಪ್ರತಿಯೊಂದು ತಿರುವಿನಲ್ಲಿಯೂ ಕೊಳವೆಗಳು ಬಾಗಿ ಮತ್ತೆ ನೆಟ್ಟಗಾಗುವುವು. ಸಾವಿರಾರು ಸಲ ಬಾಗಿದ ಉಕ್ಕು ದಣಿಯುವುದು. ದಣಿವು ಮೊದಲು ತೋರುವ ಜಾಗಗಳಲ್ಲಿ ಬೆಸುಗೆಯ ಅಂಚು ಮುಖ್ಯವಾದುದು.

ಎಂಜಿನ್ನನ್ನು ಕೂರಿಸುವ ತಗಡನ್ನು ಬೆಸೆಯಲು ಬಂದ ಮೇಸ್ತ್ರಿಯವರು ಚೌಕಟ್ಟಿನ ಎಡಗಡೆಯ ಕೊಳವೆಯ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಾಸ್ತರರೇ, ಮನೆಯಲ್ಲಿ ಸೀಮೆಸುಣ್ಣ ಇದ್ದೀತಲ್ಲ?" ಎಂದು ಕೇಳಿದರು. ನನ್ನ ಮನೆಯಲ್ಲಿ ಅದಕ್ಕೇನು ಬರ! ಅವರು ಬಣ್ಣವನ್ನು ಕೆರೆದು, ಆ ಜಾಗಕ್ಕೆ ಸೀಮೆಎಣ್ಣೆಯನ್ನು ಹಚ್ಚಿ, ಸ್ವಲ್ಪ ಕಾಲ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತಿಕ್ಕಿದರು. ನಾವು ನೋಡುತ್ತಿದ್ದಂತೆ ಬಿಳಿಯ ಪುಡಿಯ ನಡುವೆ ಕೂದಲಿನಂಥ ಕಪ್ಪು ಗೆರೆಯೊಂದು ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯು ಸುಣ್ಣಕ್ಕೆ ಹೀರಿ ಬಂದು ತನ್ನ ದಾರಿಯನ್ನು ತಾನೇ ಬರೆದು ತೋರಿಸಿತ್ತು. ಜೀವಮಾನವೆಲ್ಲ ಸೀಮೆಸುಣ್ಣದಿಂದ ಬರೆದವನು ನಾನು. ಅದು ತಾನಾಗಿ ಬರೆದುದನ್ನು ಕಂಡದ್ದು ಅದೇ ಮೊದಲು.

ಅಂದು ರಾತ್ರಿ ಹುಡುಗನು ನನ್ನ ಬಳಿಗೆ ಬಂದನು. "ಅಜ್ಜಾ, ಮೇಲೊಂದು ಬೆಸುಗೆ ಹಾಕಿಸಿ ಬಣ್ಣ ಬಳಿದರೆ ಯಾರಿಗೂ ತಿಳಿಯುವುದಿಲ್ಲ. ಬಿರುಕು ನಾನು ಮಾಡಿದ್ದಲ್ಲ. ಎಂಜಿನ್ನಿನಲ್ಲಿ ದೋಷವಿಲ್ಲ, ಸರಪಳಿಯಲ್ಲಿ ದೋಷವಿಲ್ಲ, ನನ್ನ ಕೆಲಸದಲ್ಲಿ ದೋಷವಿಲ್ಲ. ನನಗೆ ಮಾರಿದವರು ಹೇಳಲಿಲ್ಲ; ನಾನೇಕೆ ಹೇಳಬೇಕು?" ಎಂದನು. ಅವನು ಕೆಟ್ಟ ಹುಡುಗನಲ್ಲ. ಕೆಟ್ಟವನಾಗಿದ್ದರೆ ನನ್ನನ್ನು ಕೇಳುತ್ತಲೇ ಇರಲಿಲ್ಲ. ಆದಕಾರಣ ಅವನ ಪ್ರಶ್ನೆಗೆ ಗದರಿಕೆಯು ಉತ್ತರವಾಗಲಾರದೆಂದು ಕಂಡು, ವಿಚಾರಕ್ಕೆ ತೊಡಗಿದೆನು.

ಶಾಸ್ತ್ರಗಳಲ್ಲಿ ಕ್ರಯವಿಕ್ರಯದ ಪಶ್ಚಾತ್ತಾಪಕ್ಕೆ ಅವಧಿಯನ್ನು ಹೇಳಿದೆ. ಮನುವು ಹತ್ತು ದಿನಗಳೆನ್ನುವನು. ಕೌಟಿಲ್ಯನು ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು, ಗೋಪಾಲಕರಿಗೆ ಐದು ಎಂದು ವಿಂಗಡಿಸಿರುವನು. ಈ ಲೆಕ್ಕದಂತೆ ನನ್ನ ಮೊಮ್ಮಗನು ಚೌಕಟ್ಟನ್ನು ಹಿಂದಿರುಗಿಸುವ ಕಾಲವು ಮೀರಿಹೋಗಿತ್ತು. ಆದರೆ ಈ ಅವಧಿಗಳು ವ್ಯಾಜ್ಯವು ಮುಗಿಯುವ ಕಾಲವನ್ನು ಹೇಳುವುವೇ ಹೊರತು ದೋಷವು ಮುಗಿಯುವ ಕಾಲವನ್ನಲ್ಲ. ಅದೇ ಮನುವು ಸಾರವಿಲ್ಲದುದನ್ನೂ ಮರೆಮಾಡಿದುದನ್ನೂ ಮಾರಬಾರದೆಂದು ವಿಧಿಸುವಾಗ ಯಾವ ದಿನಗಣನೆಯನ್ನೂ ಇಟ್ಟಿಲ್ಲ. ಮಾರುವವನಿಗೆ ಇಷ್ಟು ಸಾಕು. ಆದರೆ ಹುಡುಗನ ನಿಜವಾದ ಪ್ರಶ್ನೆ ಬೇರೆ: ಬಿಡಿಭಾಗಗಳನ್ನು ಬೇರೆ ಬೇರೆಯವರು ಮಾಡಿರಲಾಗಿ, ಕೂಡಿಸಿದವನಿಗೆ ಅವುಗಳ ಹೊಣೆ ಹೇಗೆ ಬಂದಿತು?

ಇಲ್ಲಿ ನನಗೆ ಮಿಲಿಂದಪ್ರಶ್ನವೆಂಬ ಪಾಲಿ ಗ್ರಂಥವು ನೆರವಾಯಿತು. ಗ್ರೀಕ್ ದೊರೆಯಾದ ಮಿಲಿಂದನು ರಥದಲ್ಲಿ ಬಂದೆನೆನ್ನಲು ನಾಗಸೇನ ಭಿಕ್ಷುವು, ಮೂಕಿ ರಥವೇ, ಅಚ್ಚು ರಥವೇ, ಗಾಲಿ ರಥವೇ ಎಂದು ಒಂದೊಂದಾಗಿ ಕೇಳಿ, ರಥವೆಂಬುದು ಈ ಭಾಗಗಳ ಕೂಟಕ್ಕೆ ಇಟ್ಟ ಹೆಸರು ಮಾತ್ರವೆಂದು ದೊರೆಯಿಂದಲೇ ಹೇಳಿಸುವನು. ಈ ತರ್ಕವನ್ನು ಅರ್ಧಕ್ಕೆ ನಿಲ್ಲಿಸಿದರೆ ಹುಡುಗನ ಪಕ್ಷವೇ ಗೆಲ್ಲುವುದು: ಬಂಡಿಯೆಂಬುದೇ ಇಲ್ಲದಿದ್ದರೆ ಬಂಡಿಯ ದೋಷವು ಯಾರದು? ಆದರೆ ಅದೇ ಗ್ರಂಥದಲ್ಲಿ ಮಾವಿನ ಹಣ್ಣಿನ ಕಳ್ಳನ ದೃಷ್ಟಾಂತವೂ ಉಂಟು. ತೋಟದವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ ಎಂದು ಕಳ್ಳನು ವಾದಿಸಿದರೆ ದಂಡನೆ ತಪ್ಪುವುದೇ ಎಂದು ಭಿಕ್ಷುವು ಕೇಳುವನು. ತಪ್ಪದೆಂದು ದೊರೆಯೇ ಒಪ್ಪುವನು. ಒಂದು ಇನ್ನೊಂದರಿಂದ ಹುಟ್ಟಿ ಬಂದಿರುವಾಗ ಹೊಣೆಯೂ ಅದರೊಡನೆ ನಡೆದುಬರುವುದು.

ನಮ್ಮ ಬಂಡಿಗೆ ಇದನ್ನು ಅನ್ವಯಿಸಿ ನೋಡಿದೆನು. ಬಿರುಕುಬಿಟ್ಟ ಚೌಕಟ್ಟು ಗೋಡೆಗೊರಗಿ ನಿಂತಿರುವವರೆಗೆ ಯಾರಿಗೂ ಅಪಾಯವಿಲ್ಲ. ಎಂಜಿನ್ನು ಹೊಲದಲ್ಲಿ ನೀರೆತ್ತುತ್ತಿರುವವರೆಗೆ ಅದರಿಂದಲೂ ಅಪಾಯವಿಲ್ಲ. ಅಪಾಯವು ಚೌಕಟ್ಟಿನಲ್ಲಿಯೂ ಇರಲಿಲ್ಲ, ಎಂಜಿನ್ನಿನಲ್ಲಿಯೂ ಇರಲಿಲ್ಲ. ಎರಡೂ ಕೂಡಿದಾಗ ಹುಟ್ಟಿತು. ಹಾಗಾದರೆ ಅದನ್ನು ಹುಟ್ಟಿಸಿದವನು ಕೂಡಿಸಿದವನೇ. ದುರ್ಬಲವಾದುದಕ್ಕೆ ಬಲವನ್ನು ಜೋಡಿಸುವವನು ಆ ದೌರ್ಬಲ್ಯವನ್ನು ತಾನು ಮಾಡದಿದ್ದರೂ ಅದರ ಫಲಕ್ಕೆ ಹೊಣೆಗಾರನು. ಅರಿತು ಜೋಡಿಸಿದರೆ ಪೂರ್ಣವಾಗಿ, ಪರೀಕ್ಷಿಸದೆ ಜೋಡಿಸಿದರೆ ಬಹುಮಟ್ಟಿಗೆ.

ಇದನ್ನು ಹುಡುಗನಿಗೆ ಹೇಳಲು ಬಾಯಿ ತೆರೆದಾಗ ನನ್ನ ನಾಲಗೆ ತಡೆಯಿತು. ಬಹಳ ವರ್ಷಗಳ ಹಿಂದೆ ನನ್ನ ಬಳಿ ಒಬ್ಬ ಶಿಷ್ಯನಿದ್ದನು. ಅಮರಕೋಶವು ಅವನಿಗೆ ಬಾಯಿಗೆ ಬರುತ್ತಿತ್ತು. ಆದರೆ ಒಂದು ವಾಕ್ಯದ ಅನ್ವಯವನ್ನು ಮಾಡಲಾರನು. ಇದು ನನಗೆ ಗೊತ್ತಿತ್ತು. ತಂದೆ ಬಡವರು; ದೂರದ ಪಾಠಶಾಲೆಯಲ್ಲಿ ಊಟವಸತಿಗಳು ಧರ್ಮಾರ್ಥವಾಗಿದ್ದುವು. ವ್ಯಾಕರಣದಲ್ಲಿ ಚೆನ್ನಾಗಿ ತಯಾರಾದವನೆಂದು ನಾನು ಪತ್ರ ಬರೆದುಕೊಟ್ಟೆನು. ಅಲ್ಲಿ ಕೌಮುದಿಯ ಪಾಠವು ಅವನ ಮೇಲೆ ಬಿದ್ದಿತು. ವರ್ಷ ತುಂಬುವುದಕ್ಕೆ ಮುಂಚೆಯೇ ಹಿಂದಿರುಗಿದನು. ಮತ್ತೆ ಪುಸ್ತಕವನ್ನು ಮುಟ್ಟಲಿಲ್ಲ. ಈಗ ಪೇಟೆಯಲ್ಲಿ ಕಿರಾಣಿ ಅಂಗಡಿಯನ್ನಿಟ್ಟಿರುವನು. ನನ್ನನ್ನು ಕಂಡರೆ ಇಂದಿಗೂ ಎದ್ದು ನಿಂತು ಕೈಮುಗಿಯುವನು. ಆ ನಮಸ್ಕಾರವನ್ನು ಸ್ವೀಕರಿಸುವುದು ನನಗೆ ಕಷ್ಟ. ನನ್ನ ಉದ್ದೇಶವು ಒಳ್ಳೆಯದಾಗಿತ್ತು, ನಿಜ. ಆದರೆ ನಾನು ಬರೆದ ಪತ್ರವು ಬಿರುಕಿನ ಮೇಲಿನ ಕೆಂಪು ಬಣ್ಣವೇ ಆಗಿತ್ತು.

ಶಾಸ್ತ್ರವಾಕ್ಯಗಳನ್ನು ಬಿಟ್ಟು ಹುಡುಗನಿಗೆ ಈ ಸಂಗತಿಯನ್ನೇ ಹೇಳಿದೆನು. ಅವನು ಏನೂ ಮಾತಾಡದೆ ಎದ್ದುಹೋದನು. ಮರುದಿನ ಬೆಳಿಗ್ಗೆ ತಾನಾಗಿ ಪಕ್ಕದ ಓಣಿಗೆ ಹೋಗಿ, ಇದ್ದುದನ್ನು ಇದ್ದಂತೆ ತಿಳಿಸಿ ಬಂದನು. ಆ ಗೃಹಸ್ಥರು ಕೃತಜ್ಞತೆಯನ್ನು ಹೇಳಿ, ವ್ಯಾಪಾರವನ್ನು ಕೈಬಿಟ್ಟರು. ಸತ್ಯಕ್ಕೆ ಒಡನೆಯೇ ಪ್ರತಿಫಲ ಸಿಕ್ಕಿತೆಂದು ಬರೆಯಲು ನನಗೂ ಆಸೆ, ಸಿಕ್ಕಲಿಲ್ಲ. ಆ ವರ್ಷದ ಪುಸ್ತಕಗಳಿಗೆ ಅವನು ಬೇರೆ ದಾರಿಯನ್ನು ನೋಡಿಕೊಳ್ಳಬೇಕಾಯಿತು. ಮಾರಿದ ಹುಡುಗರಿಗೂ ಅವನು ತಿಳಿಸಿದನು. ತಾವೂ ಆ ಚೌಕಟ್ಟನ್ನು ಹಿಂದಿನ ತಂಡದವರಿಂದ ಪಡೆದವರೆಂದೂ ಬಣ್ಣವು ಆಗಲೇ ಇದ್ದಿತೆಂದೂ ಅವರು ಉತ್ತರ ಕೊಟ್ಟರು, ನಂಬದಿರಲು ಕಾರಣವಿಲ್ಲ. ಮೊದಲು ಬಣ್ಣ ಬಳಿದವನು ಯಾರೆಂದು ಈಗ ತಿಳಿಯುವಂತಿಲ್ಲ. ಮತ್ತೊಮ್ಮೆ ಬಳಿಯದಿರುವುದು ಮಾತ್ರ ನಮ್ಮ ಕೈಯಲ್ಲಿತ್ತು.

ಮೇಸ್ತ್ರಿಯವರು ಬಿರುಕಿದ್ದ ತುಂಡನ್ನು ಪೂರ್ತಿಯಾಗಿ ಕೊಯ್ದು ತೆಗೆದು, ಒಳಗೊಂದು ಸಣ್ಣ ಕೊಳವೆಯ ಆಸರೆಯನ್ನಿಟ್ಟು ಹೊಸ ಕೊಳವೆಯನ್ನು ಬೆಸೆದರು. ಎಂಜಿನ್ನಿನ ವೇಗವನ್ನು ೩೬೦೦ ಸುತ್ತುಗಳೊಳಗೆ ತಡೆಯುವ ನಿಯಂತ್ರಕವನ್ನು ಕಿತ್ತುಹಾಕಬೇಕೆಂದು ಹುಡುಗನಿಗೆ ಮೊದಲು ಮನಸ್ಸಿತ್ತು. ವೇಗವು ಇಮ್ಮಡಿಯಾದರೆ ಅಪ್ಪಳಿಸುವ ಶಕ್ತಿಯು ನಾಲ್ಮಡಿಯಾಗುವುದೆಂಬ ಲೆಕ್ಕವನ್ನು ತಾನೇ ಹಾಕಿ ಅದನ್ನು ಇದ್ದಂತೆ ಬಿಟ್ಟನು. ಬಂಡಿ ಸಿದ್ಧವಾದ ದಿನ ಶಿರಸ್ತ್ರಾಣವನ್ನು ಧರಿಸಿ ಬಯಲಿನಲ್ಲಿ ಮೊದಲು ಕುಳಿತವನೂ ಅವನೇ. ಕೂಡಿಸಿದವನು ಮೊದಲು ಕೂಡಬೇಕೆಂಬುದು ನನ್ನ ಷರತ್ತಾಗಿತ್ತು. ಅದನ್ನು ವಿಧಿಸಿದ ಮೇಲೆ ನನ್ನ ಎದೆಯು ಹೊಡೆದುಕೊಂಡದ್ದನ್ನು ಇಲ್ಲಿ ಮುಚ್ಚಿಡಲಾರೆನು.

ಚೌಕಟ್ಟಿಗೆಲ್ಲ ಅವನು ಹೊಸದಾಗಿ ಬಣ್ಣ ಬಳಿದನು. ಆ ಹೊಸ ಬೆಸುಗೆಯ ಗೇಣುದ್ದವನ್ನು ಮಾತ್ರ ಬಳಿಯದೆ ಬಿಟ್ಟು, ತುಕ್ಕು ಹಿಡಿಯದಂತೆ ಆಗಾಗ ಎಣ್ಣೆಯಿಂದ ಒರೆಸುತ್ತಿರುವನು. ಮುಂದೆ ಕೊಳ್ಳಲು ಬರುವವರಿಗೆ ಮೊದಲು ಅದನ್ನೇ ತೋರಿಸುವೆನೆಂದು ಅವನ ಮಾತು. ಕಳೆದ ವಾರ ಪೇಟೆಗೆ ಹೋಗಿದ್ದಾಗ ನಾನೂ ಆ ಕಿರಾಣಿ ಅಂಗಡಿಯ ಮೆಟ್ಟಿಲನ್ನು ಹತ್ತಿ, ಅವನು ಕೈಮುಗಿಯುವುದಕ್ಕೆ ಮುಂಚೆಯೇ, ಹೇಳಬೇಕಾದ ಮಾತನ್ನು ಹೇಳಿ ಬಂದೆನು.