ಶರೀರವೆಂಬ ಅಮಾನತು



ನಾಳೆ ಪರಲೋಕದಲ್ಲಿ ಸಂಪತ್ತಿನ ಲೆಕ್ಕ ಕೇಳುವಂತೆಯೇ ಶರೀರವನ್ನು ಯಾವುದಕ್ಕೆ ಸವೆಸಿದೆ ಎಂದೂ ಕೇಳಲಾಗುವುದು. ಪ್ರವಾದಿ(ಸ)ರವರು ಈ ಎಚ್ಚರಿಕೆ ನೀಡಿದ್ದಾರೆ. ಪರರ ಒಡವೆಯನ್ನು ಜೋಪಾನ ಮಾಡುವ ನಾವು, ಅಲ್ಲಾಹನು ವಹಿಸಿಕೊಟ್ಟ ಹೃದಯವೆಂಬ ಅಮಾನತಿನ ಬಗ್ಗೆ ಎಷ್ಟು ಎಚ್ಚರದಿಂದಿದ್ದೇವೆ?

ನಮ್ಮ ಚಂದಾಪುರವನ್ನೇ ನೋಡಿರಿ. ಇಲ್ಲಿಂದ ಎಷ್ಟೋ ಮಂದಿ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುತ್ತಾರೆ. ರಾತ್ರಿ ಪಾಳಿಯವನಿಗೆ ಬೋಂಡಾ, ಚಹಾ, ಸಿಗರೇಟು. ರಜೆಯ ದಿನ ಹೊಟ್ಟೆ ಬಿರಿಯುವಷ್ಟು ಬಿರಿಯಾನಿ. ಸಮೀಪದ ಬೊಮ್ಮಸಂದ್ರದಲ್ಲೇ ನಾರಾಯಣ ಹೃದಯಾಲಯವಿದೆ. ದೂರದ ಊರುಗಳ ರೋಗಿಗಳು ಅಲ್ಲಿಗೆ ಬರುತ್ತಾರೆ. ಪಕ್ಕದಲ್ಲಿರುವ ನಾವೋ, ಎದೆ ಹಿಂಡಿದರೆ 'ಗ್ಯಾಸ್' ಎಂದು ಸೋಡಾ ಕುಡಿದು ಮಲಗುತ್ತೇವೆ.

ಕೊಲೆಸ್ಟರಾಲ್ ಸ್ವತಃ ವಿಷವಲ್ಲ. ಜೀವಕೋಶಗಳಿಗೆ ಅದು ಬೇಕು. ಅದರ ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಮಿತಿಮೀರಿದಾಗ ಅದು ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಕಿರಿದುಗೊಳಿಸುತ್ತದೆ. ಒಂದು ದಿನ ಆ ಗಡ್ಡೆ ಒಡೆದು, ರಕ್ತ ಹೆಪ್ಪುಗಟ್ಟಿ, ಹೃದಯಾಘಾತವಾಗುತ್ತದೆ. ತುಪ್ಪ, ಬೆಣ್ಣೆ, ಮಾಂಸದ ಕೊಬ್ಬು, ಡಾಲ್ಡಾ, ಪದೇ ಪದೇ ಕಾಯಿಸಿದ ಎಣ್ಣೆ ಇವುಗಳ ಅತಿ ಬಳಕೆ ಈ ಅಪಾಯವನ್ನು ಹೆಚ್ಚಿಸುತ್ತದೆ. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬೆಂಕಿಗೆ ತುಪ್ಪ ಸುರಿಯುತ್ತವೆ. ಕೆಲವರಿಗೆ ಇದು ವಂಶದಿಂದಲೂ ಬರುತ್ತದೆ. ಆದುದರಿಂದ ತೆಳ್ಳಗಿರುವವನೂ ರಕ್ತ ಪರೀಕ್ಷೆ ಮಾಡಿಸಬೇಕು.

ವಯಸ್ಸು ಚಿಕ್ಕದೆಂಬ ಧೈರ್ಯ ಬೇಡ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ನಿಧನರಾದಾಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲಿ ರಾಜ್ಯ ಸರಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಬೇಗ ನೀಡುವುದು ಅದರ ಉದ್ದೇಶ. ಹೃದಯಾಘಾತದಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

"ಹಣೆಯಲ್ಲಿ ಬರೆದದ್ದು ತಪ್ಪೀತೇ?" ಎಂದು ಕೆಲವರು ಕೇಳುತ್ತಾರೆ. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ್ದಾಗ ಖಲೀಫಾ ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಅವರ ಉತ್ತರವಾಗಿತ್ತು. ಒಂಟೆಯನ್ನು ಕಟ್ಟದೆ ಮಾಡುವ ಭರವಸೆ ತವಕ್ಕುಲ್ ಅಲ್ಲ. ಚಿಕಿತ್ಸೆ ಪಡೆಯುವುದೂ ಪ್ರವಾದಿ(ಸ)ರವರ ಆದೇಶವೇ.

ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರದಿರಿ ಎಂಬುದು ಕುರ್‌ಆನಿನ ಬೋಧನೆ. ಹೊಟ್ಟೆಯ ಮೂರನೆಯ ಒಂದು ಭಾಗ ಮಾತ್ರ ಆಹಾರಕ್ಕೆ ಎಂದು ಪ್ರವಾದಿ(ಸ)ರವರು ಕಲಿಸಿದರು. ನಮ್ಮ ವಲೀಮಾಗಳಲ್ಲಿ ಇದಕ್ಕೆ ಸ್ಥಾನವೆಲ್ಲಿ? ಸಾಕೆಂದವನ ತಟ್ಟೆಗೆ ಆಣೆ ಹಾಕಿ ಬಡಿಸುವುದನ್ನೇ ಅತಿಥಿ ಸತ್ಕಾರವೆನ್ನುತ್ತೇವೆ. ದಿನವಿಡೀ ಉಪವಾಸವಿದ್ದು ಇಫ್ತಾರಿನಲ್ಲಿ ಸಮೋಸಾಗಳಿಂದ ಹೊಟ್ಟೆ ತುಂಬಿಸುತ್ತೇವೆ. ಸಂಯಮ ಕಲಿಸುವ ತಿಂಗಳಲ್ಲೇ ಎಣ್ಣೆಯ ಖರ್ಚು ಏರುವುದು ನಾಚಿಕೆಯಲ್ಲವೇ?

ತಾಯಂದಿರೇ, ಒಲೆಯ ಮುಂದೆ ನೀವು ಕಡಿಮೆ ಮಾಡುವ ಒಂದು ಸೌಟು ಎಣ್ಣೆ ಮನೆಯವರ ಮೇಲಿನ ಉಪಕಾರ. ಬೇಳೆ, ಸೊಪ್ಪು, ರಾಗಿ, ಮೀನು ತಟ್ಟೆಗೆ ಬರಲಿ. ನಿಮಗೇ ವಿಪರೀತ ಸುಸ್ತು, ಉಬ್ಬಸ, ದವಡೆ ಅಥವಾ ಬೆನ್ನುನೋವು ಬಂದರೆ "ಕೆಲಸ ಮುಗಿಯಲಿ" ಎಂದು ಕಾಯಬೇಡಿ. ಸಹೋದರರೇ, ಮಸೀದಿಗೆ ಬೈಕ್ ಬಿಟ್ಟು ನಡೆದು ಬನ್ನಿ. ಹೆಜ್ಜೆಗೆ ಪುಣ್ಯವೂ ಇದೆ, ಹೃದಯಕ್ಕೆ ಆರೋಗ್ಯವೂ ಇದೆ.

ಪತ್ನಿ ಮಕ್ಕಳ ಹಕ್ಕು ನಮ್ಮ ಮೇಲಿದೆ. ತಡೆಯಬಹುದಾದ ರೋಗಕ್ಕೆ ನಿರ್ಲಕ್ಷ್ಯದಿಂದ ಬಲಿಯಾಗಿ ಅವರನ್ನು ಅನಾಥರಾಗಿಸದಿರೋಣ. ಕೊಟ್ಟ ಅಮಾನತನ್ನು ಜೋಪಾನವಾಗಿ ಹಿಂದಿರುಗಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.