ಬರಲಿರುವ ಬೆಳಕಿಗೆ ಇಂದಿನ ಬೆಲೆ

ಕನ್ನಡದಲ್ಲಿ ‘ಬರುತ್ತದೆ’ ಎಂಬ ಒಂದೇ ಕ್ರಿಯಾಪದ ಎರಡು ಕಾಲಗಳ ಕೆಲಸ ಮಾಡುತ್ತದೆ. ‘ಮಳೆಗಾಲದಲ್ಲಿ ಹಳ್ಳಕ್ಕೆ ನೀರು ಬರುತ್ತದೆ’ ಎಂದರೆ ಅದು ಕಂಡ ಮಾತು. ‘ನಾಳೆ ನೀರು ಬರುತ್ತದೆ’ ಎಂದರೆ ಅದು ನಂಬಿದ ಮಾತು. ನಮ್ಮ ಕಿನ್ನಾಳದ ಕಡೆ ‘ಬರ್ತೈತಿ’ ಎಂದರೆ ಎರಡರಲ್ಲಿ ಯಾವುದೆಂದು ಹೇಳುವವರ ಮುಖ ನೋಡಿ ತಿಳಿದುಕೊಳ್ಳಬೇಕು. ವ್ಯಾಕರಣದ ಈ ಸಣ್ಣ ಮಸುಕಿನೊಳಗೆ ಒಂದು ನೈತಿಕ ಪ್ರಶ್ನೆಯಿದೆ. ಇನ್ನೂ ಬಾರದ್ದನ್ನು ಬಂದಾಗಿದೆ ಎಂಬಂತೆ ಹೇಳಿ ಮಾರುವುದು ಸುಳ್ಳೇ? ಹೇಳಿದ್ದು ಮುಂದೊಂದು ದಿನ ನಿಜವಾಗಿಬಿಟ್ಟರೆ?

ನನ್ನನ್ನು ಈ ಪ್ರಶ್ನೆಗೆ ತಂದು ನಿಲ್ಲಿಸಿದ್ದು ಗ್ರಾಫಿಕ್ಸ್ ಕಾರ್ಡುಗಳು. ನನ್ನ ಪಿಎಚ್‌ಡಿ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ. ಹಾಗಾಗಿ ಊರಿಗೆ ಹೋದಾಗೆಲ್ಲ ಯಾರಾದರೊಬ್ಬರು ‘ಯಾವ ಕಾರ್ಡ್ ತಗೋಬೇಕು’ ಎಂದು ಕೇಳುತ್ತಾರೆ. ಕಳೆದ ಸಲ ಕೇಳಿದವನು ನಮ್ಮ ಓಣಿಯ ಹುಡುಗ. ಅವನ ಅಪ್ಪ ಗೊಂಬೆ ಮಾಡುವವರು. ಹುಡುಗನಿಗೆ ಅದೇ ಗೊಂಬೆಗಳನ್ನು ಬ್ಲೆಂಡರ್‌ನಲ್ಲಿ ಕಟ್ಟಿ, ಕುಣಿಸಿ, ಸಿನಿಮಾ ಮಾಡುವ ಆಸೆ. ಕೈಯಲ್ಲಿದ್ದ ದುಡ್ಡು ದಸರೆಗೆ ಮಾರಿದ ಗೊಂಬೆಗಳದ್ದು. ‘ಹೊಸಾದು ತಗೊಂಡ್ರ ಎಲ್ಲಾ ಬರ್ತೈತಂತಲ್ಲ?’ ಎಂದ. ಈ ‘ಬರ್ತೈತಿ’ ಯಾವ ಕಾಲದ್ದು ಎಂಬುದರ ಮೇಲೆ ಆ ಮನೆಯ ಒಂದು ವರ್ಷದ ಉಳಿತಾಯ ನಿಂತಿತ್ತು.

ಆಟವೊಂದು ‘ಇಲ್ಲಿ ಮರ, ಅಲ್ಲಿ ನೆರಳು’ ಎಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳಬೇಕಾದರೆ ಇಬ್ಬರ ನಡುವೆ ಒಂದು ಒಪ್ಪಿತ ಭಾಷೆ ಬೇಕು. ಅದೇ ಗ್ರಾಫಿಕ್ಸ್ ಎಪಿಐ. ಹಳೆಯ ಎಪಿಐಗಳಲ್ಲಿ ಡ್ರೈವರ್ ಎಂಬ ತಂತ್ರಾಂಶ ಮನೆಯ ಹಿರಿಯನಂತೆ ನಡುವೆ ಕೂತು, ಹೇಳದ್ದನ್ನೂ ಊಹಿಸಿ, ತಪ್ಪನ್ನು ತಿದ್ದಿ ಕೆಲಸ ಸಾಗಿಸುತ್ತಿತ್ತು. ಅದಕ್ಕೆ ಸಮಯ ಹಿಡಿಯುತ್ತಿತ್ತು. 2013ರಲ್ಲಿ ಎಎಂಡಿ ಕಂಪನಿ ‘ಮ್ಯಾಂಟಲ್’ ಎಂಬ ಎಪಿಐ ಪ್ರಕಟಿಸಿ ಈ ಹಿರಿಯನನ್ನು ಬಹುಮಟ್ಟಿಗೆ ಪಕ್ಕಕ್ಕೆ ಕೂರಿಸಿತು. 2014ರಲ್ಲಿ ಆಪಲ್‌ನ ‘ಮೆಟಲ್’, 2015ರಲ್ಲಿ ವಿಂಡೋಸ್ 10ರ ಜೊತೆ ‘ಡೈರೆಕ್ಟ್‌ಎಕ್ಸ್ 12’, 2016ರ ಫೆಬ್ರವರಿಯಲ್ಲಿ ‘ವಲ್ಕನ್’ ಅದೇ ದಾರಿ ಹಿಡಿದು ಬಂದವು.

ಜನರ ಕಿವಿಗೆ ಬಿದ್ದ ಮಾತು ಒಂದೇ: ವೇಗ. ಆದರೆ ಹೊಸ ಎಪಿಐ ತಾನಾಗಿ ವೇಗ ಕೊಡುವುದಿಲ್ಲ, ಜವಾಬ್ದಾರಿ ಕೊಡುತ್ತದೆ. ಡ್ರೈವರ್ ಮಾಡುತ್ತಿದ್ದ ನೆನಪಿನ ನಿರ್ವಹಣೆ, ಕೆಲಸಗಳ ಸರದಿ, ಇವೆಲ್ಲ ಈಗ ಆಟ ಬರೆಯುವವರ ಹೆಗಲಿಗೆ. ಶ್ರಮ ಹಾಕಿದಲ್ಲಿ ಫಲ ಬಂತು: 2016ರಲ್ಲಿ ‘ಡೂಮ್’ ಆಟಕ್ಕೆ ವಲ್ಕನ್ ಸೇರಿದಾಗ ಎಎಂಡಿ ಕಾರ್ಡುಗಳ ವೇಗ ಕಣ್ಣಿಗೆ ಕಾಣುವಷ್ಟು ಏರಿತು. ಶ್ರಮ ಹಾಕದಲ್ಲಿ ಕೆಲವು ಆಟಗಳು ಹೊಸ ಎಪಿಐಯಲ್ಲಿ ಹಳೆಯದಕ್ಕಿಂತ ನಿಧಾನವಾಗಿಯೇ ಓಡಿದವು. ಪೆಟ್ಟಿಗೆಯ ಮೇಲೆ ಅಚ್ಚಾದದ್ದು ಪೆಟ್ಟಿಗೆಯೊಳಗಿನ ವಸ್ತುವಿನ ಗುಣವಲ್ಲ, ಎಲ್ಲೋ ಯಾರೋ ಮುಂದೆ ಮಾಡಬೇಕಾದ ದುಡಿಮೆ.

ಅಬ್ಬರದ ಪ್ರಚಾರದ ತಿರುಳು ಇದೇ ಎಂದು ನನಗನ್ನಿಸುತ್ತದೆ. ಅದು ಪೂರ್ತಿ ಸುಳ್ಳಾಗಿರಬೇಕಿಲ್ಲ. ಬೇರೆಯವರು ನಾಳೆ ಮಾಡಬೇಕಾದ ಕೆಲಸವನ್ನು ಇಂದಿನ ಕ್ರಿಯಾಪದದಲ್ಲಿ ಹೇಳಿ, ಇಂದಿನ ಬೆಲೆ ಪಡೆಯುವುದು ಅದರ ರೀತಿ. ಆ ದುಡಿಮೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಬೆಂಗಳೂರಿನಲ್ಲಿ. ವೇದಿಕೆಯ ಮೇಲೆ ಒಬ್ಬರು ‘ಬಂದಿದೆ’ ಎನ್ನುವಾಗ, ಅದನ್ನು ತರುವ ಸಾವಿರಾರು ಜನ ಇಂಥ ಕಟ್ಟಡಗಳಲ್ಲಿ ಇನ್ನೂ ಕೂತು ಬರೆಯುತ್ತಿರುತ್ತಾರೆ.

2018ರ ಆಗಸ್ಟ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 20 ಸರಣಿ ಪ್ರಕಟಿಸಿತು. ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವ ‘ರೇ ಟ್ರೇಸಿಂಗ್’ ಅದರ ಹೆಗ್ಗಳಿಕೆ. ಸೆಪ್ಟೆಂಬರಿನಲ್ಲಿ ಕಾರ್ಡ್ ಅಂಗಡಿಗೆ ಬಂದಾಗ ಆ ಬೆಳಕನ್ನು ತೋರಿಸುವ ಒಂದು ಆಟವೂ ಇರಲಿಲ್ಲ. ಮೊದಲನೆಯದು ‘ಬ್ಯಾಟಲ್‌ಫೀಲ್ಡ್ 5’, ಬಂದದ್ದು ನವೆಂಬರಿನಲ್ಲಿ. ಸಂದೇಹವಾದಿಗಳು ನಕ್ಕರು. ಆದರೆ 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ರೇ ಟ್ರೇಸಿಂಗ್ ಸೌಲಭ್ಯವಿಲ್ಲದ ಕಾರ್ಡಿನಲ್ಲಿ ಓಡಲು ಒಪ್ಪುವುದೇ ಇಲ್ಲ. ‘ಇದೆಲ್ಲ ಬರೀ ಗಿಮಿಕ್ಕು’ ಎಂದವರೂ ಕಾಲದ ವಿಷಯದಲ್ಲೇ ಎಡವಿದ್ದರು: ಇಂದು ಇಲ್ಲದ್ದನ್ನು ಅವರು ಎಂದಿಗೂ ಬಾರದ್ದು ಎಂದು ಓದಿದರು. ಮ್ಯಾಂಟಲ್ ಕೂಡ ಹೆಚ್ಚು ಕಾಲ ಬದುಕಲಿಲ್ಲ. ಆದರೆ ವಲ್ಕನ್ ಬೇರು ಬಿಟ್ಟದ್ದು ಅದರ ಮಣ್ಣಿನಲ್ಲೇ.

ಹಾಗಾದರೆ ಕೊನೆಗೆ ನಿಜವಾಯಿತಲ್ಲ, ತಪ್ಪೇನು? 2018ರಿಂದ 2024ಕ್ಕೆ ಆರು ವರ್ಷ, ಒಂದು ಪಿಎಚ್‌ಡಿಯ ಆಯುಸ್ಸು. ಆ ಆರು ವರ್ಷದ ಕಾಯುವಿಕೆಗೆ ದುಡ್ಡು ಹಾಕಿದವರಲ್ಲಿ ಮೊದಲು ಕೊಂಡವರೂ ಇದ್ದರು. ಅವರು ಷೇರಿಲ್ಲದ ಹೂಡಿಕೆದಾರರು: ನಷ್ಟದಲ್ಲಿ ಪಾಲಿತ್ತು, ಲಾಭದಲ್ಲಿರಲಿಲ್ಲ. ಮಾತು ನಿಜವಾದರೆ ಸಾಲದು. ನಿಜವಾಗುವತನಕ ಭಾರ ಹೊತ್ತವರು ಗೊತ್ತಿದ್ದು ಹೊತ್ತರೇ ಎಂಬುದೂ ಮುಖ್ಯ.

ಭವಿಷ್ಯವನ್ನು ಮಾರುವುದೇ ತಪ್ಪು ಎಂದೇನೂ ನಾನು ಹೇಳುತ್ತಿಲ್ಲ. ಕಿನ್ನಾಳದಲ್ಲೂ ಗರುಡನಿಗೋ ಕಾಮಧೇನುವಿಗೋ ಮುಂಗಡ ಕೊಟ್ಟು ಮಾಡಿಸುವುದುಂಟು. ಆದರೆ ಅಲ್ಲಿ ಮಾತು ಕೊಡುವವರೂ ಉಳಿ ಹಿಡಿಯುವವರೂ ಒಬ್ಬರೇ. ಅವರ ಮನೆ ಗೊತ್ತು, ಕಟ್ಟೆ ಗೊತ್ತು. ಮುಂಗಡ ಎಂಬ ಪದವೇ ಕೆಲಸ ಇನ್ನೂ ಆಗಿಲ್ಲವೆಂದು ಸಾರಿ ಹೇಳುತ್ತದೆ.

ಹೊಳಪಿನ ವಿಷಯದಲ್ಲೂ ಗೊಂಬೆಗಳಿಂದ ಕಲಿಯುವುದಿದೆ. ಹಗುರ ಮರಕ್ಕೆ ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟ ಬಳಿದು, ಬಣ್ಣ ಹಚ್ಚಿ, ಒಡವೆಗಳಿಗೆ ‘ಲಾಜವಾರ’ದ ಹೊಳಪು ಕೊಡುತ್ತಾರೆ. ಲಾಜವಾರ ತವರದಿಂದ ಮಾಡಿದ್ದು. ಮಿಂಚುವುದು ಬೆಳ್ಳಿ ಬಂಗಾರದ ಹಾಗೆ. ಯಾರಿಗೂ ಮೋಸವಾಗುವುದಿಲ್ಲ, ಯಾಕೆಂದರೆ ಯಾರೂ ಅದನ್ನು ಬಂಗಾರದ ತಕ್ಕಡಿಗೆ ಹಾಕುವುದಿಲ್ಲ. 2025ರ ಜನವರಿಯಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್ 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡಿಗೆ ಆರ್‌ಟಿಎಕ್ಸ್ 4090ರ ಸಾಮರ್ಥ್ಯವಿದೆ ಎಂದರು. 2022ರಲ್ಲಿ ಬಂದಾಗ 4090ರ ಬೆಲೆ 1,599 ಡಾಲರ್. ಕೃತಕ ಬುದ್ಧಿಮತ್ತೆಯಿಂದ ಇದು ಸಾಧ್ಯವಾಯಿತೆಂದೂ ಅಲ್ಲೇ ಹೇಳಿದರು. ಕಾರ್ಡ್ ಲೆಕ್ಕ ಹಾಕಿ ಬಿಡಿಸಿದ ಒಂದು ಚಿತ್ರಕ್ಕೆ ಮೂರರವರೆಗೆ ಊಹೆಯ ಚಿತ್ರಗಳನ್ನು ಸೇರಿಸುವ ತಂತ್ರ ಅದು.

ಇವು ‘ಹುಸಿ ಚಿತ್ರಗಳು’ ಎಂಬ ಕೂಗಿಗೆ ನಾನು ದನಿಗೂಡಿಸಲಾರೆ. ಗ್ರಾಫಿಕ್ಸ್‌ನಲ್ಲಿ ಹುಸಿಯಲ್ಲದ್ದು ಏನಿದೆ? ಊಹೆಯ ಚಿತ್ರವೂ ಒಂದು ಲಾಜವಾರವೇ, ಚೆಂದವೇ. ಆದರೆ ಅದು ಕಣ್ಣಿಗೆ ನಯವಾಗಿ ಕಂಡರೂ ಆಡುವವನ ಕೈಗೆ ಬೇಗ ಓಗೊಡುವುದಿಲ್ಲ. ‘ಸಾಮರ್ಥ್ಯ’ ಎಂಬ ಒಂದೇ ಪದದಲ್ಲಿ ಎರಡನ್ನೂ ಅಳೆದಾಗ ತವರ ಬಂಗಾರದ ತಕ್ಕಡಿ ಏರುತ್ತದೆ. ಬ್ಲೆಂಡರ್‌ನಲ್ಲಿ ಅಂತಿಮ ಚಿತ್ರ ಮಾಡುವ ನಮ್ಮ ಹುಡುಗನಿಗಂತೂ ಊಹೆಯ ಚಿತ್ರಗಳಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಮೆಮೊರಿ: 4090ರಲ್ಲಿ 24 ಜಿಬಿ, 5070ರಲ್ಲಿ 12. ‘ನಿನ್ನ ಗೊಂಬೆಯ ಫೈಲನ್ನು ಯಾರದಾದರೂ ಕಾರ್ಡಿನಲ್ಲಿ ಓಡಿಸಿ ನೋಡು, ಆಮೇಲೆ ಕೊಳ್ಳು’ ಎಂದೆ. ಅವನ ಮುಖ ಸಣ್ಣದಾಯಿತು. ಸಂದೇಹ ಯಾರ ಆಸೆಯನ್ನೂ ಅರಳಿಸುವುದಿಲ್ಲ. ಅದಕ್ಕೇ ಅದನ್ನು ಹೇಳುವವರಿಗೆ ಕರುಣೆಯೂ ಇರಬೇಕು. ಕಾಯುವುದಕ್ಕೂ ಬೆಲೆಯಿದೆ, ಇಪ್ಪತ್ತರ ವಯಸ್ಸಿನಲ್ಲಿ ಅದು ಕಡಿಮೆಯದೇನಲ್ಲ.

ಸಂಶೋಧನಾ ಪ್ರಬಂಧಗಳ ಕೊನೆಗೆ ‘ಮುಂದಿನ ಕೆಲಸ’ ಎಂಬ ಒಂದು ಭಾಗವಿರುತ್ತದೆ. ನಮ್ಮ ಕನಸುಗಳೆಲ್ಲ ಅಲ್ಲಿರುತ್ತವೆ, ಆದರೆ ‘ಫಲಿತಾಂಶ’ದ ಅಧ್ಯಾಯದೊಳಕ್ಕೆ ಅವನ್ನು ಬಿಡುವುದಿಲ್ಲ. ಮಾರುವವರಿಂದ ನಾವು ಕೇಳಬೇಕಾದ ಪ್ರಾಮಾಣಿಕತೆ ಇಷ್ಟೇ. ಕನಸು ಕಾಣಬೇಡಿ ಎಂದು ಅವರಿಗೆ ಹೇಳಬೇಕಿಲ್ಲ. ಅದು ಯಾರ ದುಡಿಮೆಯಿಂದ, ಯಾವಾಗ ಬರುತ್ತದೆ, ಅಲ್ಲಿಯವರೆಗೆ ಖರ್ಚು ಯಾರದು ಎಂದು ಕೇಳಿದರೆ ಸಾಕು. ಉತ್ತರ ಸಿಕ್ಕ ಮೇಲೂ ಒಬ್ಬ ಹುಡುಗ ಕೊಳ್ಳುತ್ತೇನೆಂದರೆ, ಅದು ಅವನದೇ ಆಯ್ಕೆ.